ಕೋಳಿಮರಿಯ ಕಾಲೂ ಚಿಟಿಕೆ ಖನಿಜವೂ

ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮ್ಮವರು ಇಬ್ಬರು ಕೂಡಿದರೆ ಊರಿನ ಮಾತು ಬಂದೇ ಬರುತ್ತದೆ. ಕೆಲಸ ಬಿಟ್ಟ ಮೇಲೆ ಏನು ಮಾಡುವಿರೆಂದರೆ, “ನೂರು ಗಿರಿರಾಜ ಮರಿ ತಂದು ಸಾಕುವುದು” ಎಂಬ ಉತ್ತರವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ನಾಸಿಕ ಜಿಲ್ಲೆಯ ಕೋಳಿ ಶೆಡ್ಡುಗಳನ್ನು ಬಸ್ಸಿನ ಕಿಟಕಿಯಿಂದ ಕಂಡವರಲ್ಲಿ ಈ ಆಸೆ ಮೂಡುವುದು ಸಹಜ. ಗಿರಿರಾಜವಾದರೋ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಿಲ ಸಾಕಣೆಗೆಂದೇ ರೂಪಿಸಿದ ತಳಿ. ಆದರೆ ಮರಿಗೆ ಹಣ ಕೂಡಿಸಿದವರು ಅದರ ಎಲುಬಿನ ವಿಚಾರವನ್ನೂ ತುಸು ಅರಿತಿರತಕ್ಕದ್ದು.

ಮೆಕ್ಕೆಜೋಳ ಹೊಟ್ಟೆ ತುಂಬಿಸುತ್ತದೆ, ಎಲುಬು ಕಟ್ಟುವುದಿಲ್ಲ. ಅದರಲ್ಲಿ ಸುಣ್ಣಾಂಶ ಇಲ್ಲವೆಂಬಷ್ಟು ಕಡಮೆ; ರಂಜಕವಿದ್ದರೂ ಅದರ ಮೂರರಲ್ಲಿ ಎರಡು ಪಾಲು ಮರಿಗೆ ಜೀರ್ಣವಾಗದ ರೂಪದಲ್ಲಿದೆ. ಆದುದರಿಂದಲೇ ಮೇವಿನಲ್ಲಿ ಖನಿಜ ಮಿಶ್ರಣವನ್ನು ಸೇರಿಸುವುದು. ಮ್ಯಾಂಗನೀಸಿನ ಕತೆ ಇನ್ನೂ ಸ್ವಾರಸ್ಯವಾದುದು. ಮರಿಗಳ ಹಿಂಗಾಲಿನ ಗಂಟು ಊದಿ, ಸ್ನಾಯುರಜ್ಜು ಪಕ್ಕಕ್ಕೆ ಜಾರಿ, ಕಾಲು ತಿರುಚಿಕೊಳ್ಳುವ ರೋಗಕ್ಕೆ ಈ ಲೋಹದ ಕೊರತೆಯೇ ಕಾರಣವೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಂಡಿತರು 1936ರಲ್ಲಿ ತೋರಿಸಿಕೊಟ್ಟರು. ಬೇಕಾದುದೆಷ್ಟು? ಒಂದು ಕ್ವಿಂಟಲ್ ಮೇವಿಗೆ ಸುಮಾರು 6 ಗ್ರಾಂ! ಎಲುಬಿನ ಪುಡಿಯನ್ನು ಅತಿಯಾಗಿ ಸುರಿದರೆ ಅದು ಈ ಅಲ್ಪವನ್ನೂ ಕರುಳಿನಲ್ಲಿ ಹಿಡಿದಿಟ್ಟು ರೋಗವನ್ನು ಹೆಚ್ಚಿಸುತ್ತದೆ.

ಈ ಅತಿಯೇ ನಮ್ಮವರನ್ನು ಕೆಡಿಸುವುದು. ನಮ್ಮ ಪರಿಚಯದ ಹಿರಿಯರೊಬ್ಬರು ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಉಳಿಸಿದ ಹಣದಲ್ಲಿ ಮರಿ ತಂದರು. ಬಲ ಬರಲೆಂದು ಮೊಟ್ಟೆಯಿಡುವ ಕೋಳಿಯ ಮೇವನ್ನೇ ಹಾಕಿದರು, ಮೇಲೆ ಚಿಪ್ಪಿನ ಪುಡಿ ಬೇರೆ. ಮೊಟ್ಟೆಯಿಡುವ ಕೋಳಿಗೆ ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟು ಸುಣ್ಣಾಂಶ ಬೇಕು, ನಿಜ. ಮರಿಗೆ ಒಂದರ ಆಸುಪಾಸು ಸಾಕು. ಹೆಚ್ಚಾದುದನ್ನು ಹೊರಹಾಕಲಾರದೆ ಮೂತ್ರಪಿಂಡಗಳು ಸೋಲುತ್ತವೆ. ಸತ್ತ ಮರಿಯನ್ನು ಪಶುವೈದ್ಯರು ಸೀಳಿ ತೋರಿಸಿದಾಗ ಹೃದಯ, ಯಕೃತ್ತುಗಳ ಮೇಲೆ ಸೀಮೆಸುಣ್ಣ ಬಳಿದಂತಿತ್ತು. ಅದು ಯೂರಿಕ್ ಆಮ್ಲದ ಹರಳು. ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ.

ಉಪ್ಪಿನ ಮಾತನ್ನು ಹೋಟೆಲಿನ ವಾಚಕರಿಗೆ ಒತ್ತಿ ಹೇಳಬೇಕಾಗಿದೆ. ನಮ್ಮ ಉಡುಪಿ ಹೋಟೆಲುಗಳ ಅಡುಗೆಮನೆಗೆ ಮೊಟ್ಟೆ ಹೊಗದು. ಆದರೆ ಅಲ್ಲಿ ಮಿಕ್ಕ ಸಾಂಬಾರು, ಉಪ್ಪಿನಕಾಯಿ, ಸಂಡಿಗೆಗಳು ಪರಿಚಿತರ ಕೋಳಿಗೂಡಿಗೆ ಹೋಗುವುದುಂಟು. ಮೇವಿನಲ್ಲಿ ನೂರಕ್ಕೆ ಅರ್ಧದೊಳಗಿನ ಉಪ್ಪು ಮರಿಗೆ ಅವಶ್ಯ. ಅದನ್ನು ಬಹಳ ಮೀರಿದರೆ ಮರಿ ತಡೆಯಿಲ್ಲದೆ ನೀರು ಕುಡಿದು, ಹಿಕ್ಕೆ ನೀರಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತದೆ. ಹಿಂದಿನ ರಾತ್ರಿಯ ಸಾಂಬಾರೇ ಕಾರಣವೆಂದು ಯಾರಿಗೆ ತೋಚೀತು?

ಮರಿ ಕುಂಟಿದರೆ ಮೊದಲು ಅದರ ಕೊಕ್ಕನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿರಿ. ರಬ್ಬರಿನಂತೆ ಬಾಗಿದರೆ ಸುಣ್ಣಾಂಶ, ರಂಜಕ ಅಥವಾ ಡಿ ಜೀವಸತ್ವದ ಕೊರತೆಯೆಂದು ಶಂಕಿಸಬಹುದು. ಬಿಸಿಲು ಕಾಣದೆ ಗೂಡಿನಲ್ಲಿಯೇ ಬೆಳೆದ ಮರಿಗೆ ಇದು ಬೇಗ ತಗಲುತ್ತದೆ, ಬೇಗ ಕಂಡುಕೊಂಡರೆ ಗುಣವೂ ಆಗುತ್ತದೆ. ಕೊಕ್ಕು ಗಟ್ಟಿಯಾಗಿದ್ದು ಕಾಲು ಮಾತ್ರ ತಿರುಚಿದ್ದರೆ ಮ್ಯಾಂಗನೀಸಿನ ಕಡೆಗೆ ಗಮನವಿರಲಿ. ತಿರುಚಿದ ಆ ಕಾಲು ಮತ್ತೆ ನೆಟ್ಟಗಾಗದು. ಉಳಿದ ಮರಿಗಳ ಮೇವನ್ನಾದರೂ ಅಂದೇ ಬದಲಿಸಬಹುದು.