ನಮ್ಮ ತಂಡ ಎಂಬ ಹಿಗ್ಗು

ಗಬ್ಬೂರಿನ ಹುಡುಗನಿಗೆ ಭಾರತ ತಂಡದ ಹನ್ನೊಂದು ಹೆಸರೂ ಬಾಯಿಪಾಠ. ಕರ್ನಾಟಕದ ರಣಜಿ ತಂಡದಲ್ಲಿ ಯಾರಿದ್ದಾರೆ ಎಂದು ಕೇಳಿ ನೋಡಿ! ಹುಬ್ಬಳ್ಳಿಯ ರಾಜನಗರದಲ್ಲೇ ಮೈದಾನವಿದ್ದರೂ ಈ ತಂಡದ ಅಭಿಮಾನಿಯಾಗಲು ತಾಳ್ಮೆ ಬೇಕು. ದಿನಗಟ್ಟಲೆ ಆಡಿದ ಪಂದ್ಯವೂ ಡ್ರಾ ಆಗಬಹುದು.

ಆದರೂ ಈ ಅಭಿಮಾನಕ್ಕೊಂದು ಕಥೆಯಿದೆ. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣದ ನಂತರವೂ ರಾಜ್ಯದ ಹೆಸರು, ತಂಡದ ಹೆಸರು ಎರಡೂ ಮೈಸೂರು. 1973ರ ನವೆಂಬರ್ 1ರಂದು ರಾಜ್ಯವು ಕರ್ನಾಟಕವಾಯಿತು. ಹೊಸ ಹೆಸರಿನ ಮೊದಲ ಋತುವಿನಲ್ಲೇ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಎದುರಾದದ್ದು ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದು ತಂಡದ ಮೊತ್ತವನ್ನು 385ಕ್ಕೆ ಒಯ್ದರು. ಪ್ರಸನ್ನ ಎಸೆತಕ್ಕೆ ಗಾವಸ್ಕರ್ ಬೌಲ್ಡ್. ವಾಡೇಕರ್ ಕಾಲು ಜಾರಿ ರನೌಟ್. ಮೊದಲ ಇನಿಂಗ್ಸ್ ಮುನ್ನಡೆ ಕರ್ನಾಟಕದ್ದಾಯಿತು. ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದರು. 2014-15ರ ಹೊತ್ತಿಗೆ ಅದು ಎಂಟನೇ ಸಲ ನಮ್ಮದಾಗಿತ್ತು.

ಆಟ ಓದನ್ನು ಕೆಡಿಸುತ್ತದೆ ಎಂದು ಗೊಣಗುವ ತಂದೆ-ತಾಯಿಯರಿಗೆ ನಮ್ಮ ಸೀಮೆಯ ಸುನಿಲ್ ಜೋಶಿ ಗೊತ್ತಿರಬೇಕು. ಗದಗಿನ ಆ ಹುಡುಗ ಬೆಳಗ್ಗೆ ಎದ್ದು ಅಭ್ಯಾಸಕ್ಕೆ ಹುಬ್ಬಳ್ಳಿಗೆ ಬಂದು, ಶಾಲೆಯ ಗಂಟೆಗೆ ಸರಿಯಾಗಿ ಊರಿಗೆ ಮರಳುತ್ತಿದ್ದ. ಹೋಗಿ ಬರಲು ನೂರು ಕಿಲೋಮೀಟರಿಗೂ ಹೆಚ್ಚು! ಮುಂದೆ 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಾಗ ಅವರೂ ತಂಡದಲ್ಲಿದ್ದರು. 1999ರಲ್ಲಿ ನೈರೋಬಿಯಲ್ಲಿ ಭಾರತಕ್ಕಾಗಿ ಆಡುತ್ತ ದಕ್ಷಿಣ ಆಫ್ರಿಕದ ಐವರನ್ನು ಔಟ್ ಮಾಡಿದರು. ಹತ್ತು ಓವರುಗಳಲ್ಲಿ ಕೊಟ್ಟದ್ದು ಆರೇ ರನ್.