ಈದ ಮೇಕೆಯ ಆರೈಕೆ: ಮೊದಲ ಹತ್ತು ದಿನ ಎಚ್ಚರವಿರಲಿ

ಮೇಕೆ ಮರಿ ಹಾಕಿದೊಡನೆ ಮನೆಮಂದಿಯ ಕಣ್ಣೆಲ್ಲ ಮರಿಗಳ ಮೇಲೆ. ಗಂಡೋ ಹೆಣ್ಣೋ, ಒಂದೋ ಎರಡೋ ಎಂದು ನೋಡಿ, ಒರೆಸಿ, ಬೆಚ್ಚಗೆ ಮಲಗಿಸುತ್ತೇವೆ. ಐದು ತಿಂಗಳು ಹೊತ್ತು ಹೆತ್ತ ತಾಯಿಯನ್ನು ಮಾತ್ರ ಮರುದಿನ ಬೆಳಿಗ್ಗೆಯೇ ಮಂದೆಯೊಡನೆ ಮೇಯಲು ಅಟ್ಟುತ್ತೇವೆ. ತಾಯಿಯ ಹಾಲು ಬತ್ತಿದರೆ ಮರಿ ಸೊರಗುತ್ತದೆ; ತಾಯಿಯೇ ಸತ್ತರೆ ಮರಿಗಳೂ ಕೈಬಿಟ್ಟಂತೆ. ನಾಲ್ಕಾರು ಮೇಕೆಗಳನ್ನೇ ನಂಬಿದ ಸಂಸಾರಕ್ಕೆ ಇದು ಸಣ್ಣ ನಷ್ಟವಲ್ಲ. ನಂದಿದುರ್ಗ, ಬೀದರಿ, ಉಸ್ಮಾನಾಬಾದಿ ತಳಿಗಳಲ್ಲಿ ಅವಳಿ ಮರಿಗಳು ಸಾಮಾನ್ಯವಾದ್ದರಿಂದ ತಾಯಿಯ ಮೇಲಿನ ಹೊರೆಯೂ ಹೆಚ್ಚು. ರೈತ ಬಾಂಧವರೇ, ಮೊದಲ ಹತ್ತು ದಿನ ತಾಯಿಯ ಕಡೆಗೂ ಗಮನ ಕೊಡಿ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಈದ ಕೂಡಲೇ

ತಾಯಿ ಮತ್ತು ಮರಿಗಳನ್ನು ಗಾಳಿ ನೇರವಾಗಿ ಬೀಸದ ಒಣ ಜಾಗದಲ್ಲಿ, ಒಣಹುಲ್ಲು ಹಾಸಿ ಬಿಡಿ. ಮರಿಯನ್ನು ತಾಯಿ ನೆಕ್ಕಲಿ. ಮರಿಯ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಹೆತ್ತು ದಣಿದ ತಾಯಿಗೆ ಮೊದಲು ಬೇಕಾದದ್ದು ನೀರು. ಈದ ಮೇಕೆಗೆ ನೀರು ಕುಡಿಸಬಾರದೆಂಬ ನಂಬಿಕೆ ಕೆಲವರಲ್ಲಿದೆ, ಇದು ಸರಿಯಲ್ಲ. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ, ಚಿಟಿಕೆ ಉಪ್ಪು ಬೆರೆಸಿ ಮುಂದಿಡಿ. ಬೇಕಾದಷ್ಟನ್ನು ತಾನಾಗಿಯೇ ಕುಡಿಯುತ್ತದೆ. ಆಮೇಲೂ ಶುದ್ಧವಾದ ನೀರು ಸದಾ ಎಟುಕುವಂತಿರಬೇಕು. ನೀರು ಸಾಲದಿದ್ದರೆ ಹಾಲೂ ಸಾಲದು.

ಗಿಣ್ಣು ಹಾಲು ತಡೆಯಬೇಡಿ

ಕಸ (ಮಾಸು) ಬೀಳುವವರೆಗೂ ಮರಿಗೆ ಮೊಲೆ ಕೊಡಬಾರದೆನ್ನುವವರು ಇನ್ನೂ ಇದ್ದಾರೆ. ಇದರಿಂದ ಮರಿಗೂ ತಾಯಿಗೂ ಕೇಡು. ಹುಟ್ಟಿದ ಮರಿಗೆ ರೋಗ ತಡೆಯುವ ಶಕ್ತಿ ಗಿಣ್ಣು ಹಾಲಿನಿಂದಲೇ ಬರಬೇಕು. ತಡವಾದಷ್ಟೂ ಆ ಶಕ್ತಿಯನ್ನು ಹೀರಿಕೊಳ್ಳುವ ಗುಣ ಮರಿಯ ಕರುಳಿನಲ್ಲಿ ಕುಗ್ಗುತ್ತದೆ. ಇತ್ತ, ಮರಿ ಮೊಲೆ ಚೀಪಿದಾಗ ತಾಯಿಯ ರಕ್ತದಲ್ಲಿ ಒಂದು ಹಾರ್ಮೋನ್ ಹರಿದು ಗರ್ಭಕೋಶ ಕುಗ್ಗುತ್ತದೆ. ಕಸ ಬೀಳಲು ಇದೇ ನೆರವು. ಆದ್ದರಿಂದ ಕೆಚ್ಚಲನ್ನು ಬೆಚ್ಚನೆಯ ನೀರಿನಿಂದ ಒರೆಸಿ, ಪ್ರತಿ ಮೊಲೆಯಿಂದ ಎರಡು ಮೂರು ಧಾರೆ ಹಿಂಡಿ ಚೆಲ್ಲಿ, ಒಂದು ಗಂಟೆಯೊಳಗೆ ಮರಿಗೆ ಕುಡಿಸಿ. ಎರಡು ಕಿಲೋ ತೂಗುವ ಮರಿಗೆ ಮೊದಲ ದಿನ ಸುಮಾರು 200 ಮಿಲಿ ಲೀಟರ್ ಗಿಣ್ಣು ಹಾಲು ನಾಲ್ಕೈದು ಸಲಕ್ಕೆ ಹಂಚಿ ಸಿಗಬೇಕು.

ಕಸ ಎಳೆಯಕೂಡದು

ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಕಸ ತಾನಾಗಿ ಬೀಳುತ್ತದೆ. ನೇತಾಡುವ ಕಸವನ್ನು ಕೈಯಿಂದ ಎಳೆಯುವುದಾಗಲಿ, ಅದಕ್ಕೆ ಕಲ್ಲು ಅಥವಾ ಹಳೆಯ ಮೆಟ್ಟು ಕಟ್ಟುವುದಾಗಲಿ ಕೂಡದು. ಗರ್ಭಕೋಶ ಹರಿದು ರಕ್ತಸ್ರಾವವಾಗಬಹುದು. ತುಂಡೊಂದು ಒಳಗೇ ಉಳಿದು ಕೊಳೆಯಬಹುದು. 12 ಗಂಟೆ ಕಳೆದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಸಿ.

ಬಿದ್ದ ಕಸವನ್ನು ಬರಿಗೈಯಿಂದ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ. ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಸೋಪಿನಿಂದ ಕೈ ತೊಳೆಯಿರಿ. ಬ್ರುಸೆಲ್ಲಾ ರೋಗವಿರುವ ಮೇಕೆಯ ಕಸದಿಂದ, ಹಸಿ ಹಾಲಿನಿಂದ ರೋಗ ಮನುಷ್ಯರಿಗೂ ತಗಲುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಈ ರೋಗಾಣುವನ್ನು ಕಂಡುಹಿಡಿದರು. ಅದು ಅಲ್ಲಿನ ಮೇಕೆಗಳಿಂದ ಬರುತ್ತಿದೆಯೆಂದು ತಿಳಿದದ್ದು 1905ರಲ್ಲಿ. ಗರ್ಭಿಣಿಯರು ಮೇಕೆ ಈಯುವಾಗ ದೂರವಿರುವುದು ಕ್ಷೇಮ. ಹಾಲನ್ನು ಕಾಯಿಸಿಯೇ ಕುಡಿಯಬೇಕು.

ಮೇವು ಹೇಗಿರಬೇಕು?

ಈದ ಮೇಕೆಗೆ ಶಕ್ತಿ ಬರಲೆಂದು ಒಮ್ಮೆಗೇ ಸೇರುಗಟ್ಟಲೆ ಜೋಳವನ್ನೋ ರಾಗಿಯನ್ನೋ ಇಟ್ಟರೆ ಹೊಟ್ಟೆ ಹುಳಿಯಾಗಿ ಮೇಕೆ ಸತ್ತೇ ಹೋಗಬಹುದು. ಮೊದಲ ಎರಡು ಮೂರು ದಿನ ಒಳ್ಳೆಯ ಹುಲ್ಲು, ಸೊಪ್ಪು, ನೆನೆಸಿದ ಸ್ವಲ್ಪ ಬೂಸಾ ಸಾಕು. ಬಳಿಕ ಮುಸುಕಿನ ಜೋಳದ ನುಚ್ಚು, ಬೂಸಾ, ಕಡಲೆಕಾಯಿ ಹಿಂಡಿ ಸೇರಿದ ಮಿಶ್ರಣವನ್ನು ದಿನದಿನಕ್ಕೆ ಹೆಚ್ಚಿಸುತ್ತಾ, ಹತ್ತನೆಯ ದಿನದ ಹೊತ್ತಿಗೆ 300 ರಿಂದ 400 ಗ್ರಾಂಗೆ ತನ್ನಿ. ಇದನ್ನು ಎರಡು ಹೊತ್ತಿಗೆ ಹಂಚಿ ಕೊಡಿ. ಜೊತೆಗೆ ಖನಿಜ ಮಿಶ್ರಣವಿರಲಿ. ಅಗಸೆ, ಹಲಸು, ಗ್ಲಿರಿಸಿಡಿಯಾ ಸೊಪ್ಪು ಬದುವಿನಲ್ಲೇ ಸಿಗುವ ಒಳ್ಳೆಯ ಮೇವು. ಮೊದಲ ಕೆಲವು ದಿನ ತಾಯಿಯನ್ನು ದೂರದ ಗೋಮಾಳಕ್ಕೆ ಅಟ್ಟದೆ ಮನೆಯ ಹತ್ತಿರವೇ ಮೇಯಿಸಿ.

ದಿನವೂ ನೋಡಬೇಕಾದ ಗುರುತುಗಳು

1. ಹಿಂಭಾಗದ ಸ್ರಾವ: ಎರಡು ಮೂರು ವಾರ ಕೆಂಪು-ಕಂದು ಬಣ್ಣದ, ವಾಸನೆಯಿಲ್ಲದ ಸ್ರಾವ ದಿನೇ ದಿನೇ ಕಡಿಮೆಯಾಗುತ್ತಾ ಬಂದರೆ ಹೆದರಬೇಕಾಗಿಲ್ಲ. ಕೊಳೆತ ವಾಸನೆ ಬಂದರೆ ಗರ್ಭಕೋಶಕ್ಕೆ ಸೋಂಕು ತಗಲಿದೆ ಎಂದು ತಿಳಿಯಿರಿ.

2. ಕೆಚ್ಚಲು: ಒಂದು ಕಡೆ ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ಒದೆಯುತ್ತದೆಯೇ? ಹಾಲು ಒಡೆದಂತೆ, ನೀರಿನಂತೆ, ಇಲ್ಲವೆ ರಕ್ತ ಬೆರೆತಂತಿದೆಯೇ? ಇದು ಕೆಚ್ಚಲು ಬಾವು. ತಡಮಾಡಿದರೆ ಆ ಮೊಲೆ ಶಾಶ್ವತವಾಗಿ ಬತ್ತಬಹುದು.

3. ಜ್ವರ: ಮೇಕೆಯ ಮೈಬಿಸಿ ಸಾಮಾನ್ಯವಾಗಿ 102 ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 104 ದಾಟಿ, ಮೇವು ಬಿಟ್ಟಿದ್ದರೆ ಕಾಯಬೇಡಿ.

4. ನಿಲುವು: ಕಾಲು ನಡುಗಿ, ಕಿವಿ ತಣ್ಣಗಾಗಿ, ಏಳಲಾರದೆ ಮಲಗಿದರೆ ರಕ್ತದಲ್ಲಿ ಸುಣ್ಣದ ಅಂಶ ಕುಸಿದಿರಬಹುದು. ಇದೇ ಹಾಲು ಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಪಶುವೈದ್ಯರು ಕ್ಯಾಲ್ಸಿಯಂ ಚುಚ್ಚುಮದ್ದು ಕೊಟ್ಟರೆ ಬಹುಬೇಗ ಚೇತರಿಸಿಕೊಳ್ಳುತ್ತದೆ. ತಲೆ ಎತ್ತಲಾರದ ಮೇಕೆಯ ಬಾಯಿಗೆ ಎಣ್ಣೆ, ಕಷಾಯ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಕುತ್ತು.

5. ಕಣ್ಣಿನ ಒಳರೆಪ್ಪೆ: ಕೆಂಪಾಗಿದ್ದರೆ ಸರಿ. ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿ ಬಾತಿದ್ದರೆ, ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಗಳಿರುವ ಸಾಧ್ಯತೆ ಹೆಚ್ಚು. ಈಯುವ ಸಮಯದಲ್ಲಿ ತಾಯಿಯ ರೋಗನಿರೋಧಕ ಶಕ್ತಿ ತಗ್ಗುವುದರಿಂದ ಜಂತುಗಳು ವಿಪರೀತವಾಗಿ ಮೊಟ್ಟೆಯಿಡುತ್ತವೆ. ಹಿಕ್ಕೆಯ ಮೂಲಕ ಅವು ಹುಲ್ಲಿಗೆ, ಹುಲ್ಲಿನಿಂದ ಮರಿಗೆ ಸೇರುತ್ತವೆ. ಹಿಕ್ಕೆ ಪರೀಕ್ಷೆ ಮಾಡಿಸಿ, ತೂಕಕ್ಕೆ ತಕ್ಕ ಜಂತುನಾಶಕವನ್ನು ವೈದ್ಯರ ಸಲಹೆಯಂತೆ ಕೊಡಿ.

ಇವುಗಳಲ್ಲಿ ಯಾವ ಕೆಟ್ಟ ಗುರುತು ಕಂಡರೂ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವು ಕೇಳಬಹುದು.

ಹೋತಕ್ಕೆ ಬಿಡುವ ಅವಸರ ಬೇಡ

ಎರಡು ವರ್ಷಕ್ಕೆ ಮೂರು ಸಲ ಮರಿ ಪಡೆಯುವುದು ಒಳ್ಳೆಯ ಲೆಕ್ಕಾಚಾರ. ಹಾಗೆಂದರೆ ಎಂಟು ತಿಂಗಳಿಗೊಮ್ಮೆ ಈತ. ಅದರಲ್ಲಿ ಗರ್ಭದ ಐದು ತಿಂಗಳು ಕಳೆದರೆ ಮೂರು ತಿಂಗಳು ಉಳಿಯಿತು. ಈ ಮೂರು ತಿಂಗಳು ತಾಯಿಗೆ ಸಲ್ಲಬೇಕಾದ ಬಿಡುವು. ಅಷ್ಟರವರೆಗೆ ಹೋತವನ್ನು ಬೇರೆ ಕಟ್ಟಿ. ಮೈ ಕಟ್ಟಿಕೊಂಡ ಮೇಲೆ ಗರ್ಭ ಕಟ್ಟಿದ ಮೇಕೆಯೇ ಮುಂದಿನ ಸಲವೂ ಗಟ್ಟಿ ಮರಿ ಹಾಕಿ, ಅದಕ್ಕೆ ಹೊಟ್ಟೆ ತುಂಬ ಹಾಲು ಕೊಟ್ಟೀತು.