ಸ್ತನ ಕ್ಯಾನ್ಸರ್ ಪತ್ತೆಯಲ್ಲಿ ಅಲ್ಟ್ರಾಸೌಂಡ್

ಸ್ತನದ ಅಲ್ಟ್ರಾಸೌಂಡ್ ಎಂಬುದು ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ತರಂಗಗಳ ನೆರವಿನಿಂದ ಸ್ತನದ ಒಳರಚನೆಯ ಚಿತ್ರವನ್ನು ಪಡೆಯುವ ವಿಧಾನ. ಅಂಗಾಂಶಗಳಿಂದ ಮರಳಿ ಬರುವ ಪ್ರತಿಧ್ವನಿಗಳನ್ನು ಗಣಕಯಂತ್ರವು ಚಿತ್ರವಾಗಿ ಮಾರ್ಪಡಿಸುತ್ತದೆ. ಇದರಲ್ಲಿ ಕ್ಷ-ಕಿರಣಗಳ ಬಳಕೆಯಿಲ್ಲ.

ಅಗತ್ಯ

ಸ್ತನ ಕ್ಯಾನ್ಸರ್ ತಪಾಸಣೆಯ ಪ್ರಮುಖ ಸಾಧನ ಮ್ಯಾಮೋಗ್ರಫಿ, ಅಂದರೆ ಸ್ತನದ ಕ್ಷ-ಕಿರಣ ಚಿತ್ರಣ. ಅದರಲ್ಲಿ ಕೊಬ್ಬು ಕಪ್ಪಾಗಿಯೂ, ಗ್ರಂಥಿ ಮತ್ತು ನಾರಿನ ಅಂಗಾಂಶಗಳು ಬಿಳಿಯಾಗಿಯೂ ಕಾಣುತ್ತವೆ. ಗೆಡ್ಡೆಯೂ ಬಿಳಿಯಾಗಿಯೇ ಕಾಣುವುದರಿಂದ, ಇಂತಹ ಅಂಗಾಂಶ ಹೆಚ್ಚಾಗಿರುವ ದಟ್ಟ ಸ್ತನಗಳಲ್ಲಿ ಅದು ಕಣ್ಣಿಗೆ ಬೀಳದೆ ಉಳಿಯಬಹುದು. ಅಲ್ಟ್ರಾಸೌಂಡ್ ಚಿತ್ರದಲ್ಲಾದರೋ ಹೆಚ್ಚಿನ ಕ್ಯಾನ್ಸರ್ ಗೆಡ್ಡೆಗಳು ಸುತ್ತಲಿನ ಗ್ರಂಥಿ ಅಂಗಾಂಶಕ್ಕಿಂತ ಕಪ್ಪಾಗಿ ತೋರುತ್ತವೆ.

ಬೆಳವಣಿಗೆ

1950ರ ದಶಕದ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಶಸ್ತ್ರವೈದ್ಯ ಜಾನ್ ವೈಲ್ಡ್ ಮತ್ತು ಎಂಜಿನಿಯರ್ ಜಾನ್ ರೀಡ್ ಅವರು ಸ್ತನದ ಗೆಡ್ಡೆಗಳನ್ನು ಪ್ರತಿಧ್ವನಿಯಿಂದ ಗುರುತಿಸುವ ಪ್ರಯೋಗಗಳನ್ನು ನಡೆಸಿದರು. ಮುಂದೆ ಪ್ರತಿಧ್ವನಿಯ ಜೊತೆಗೆ ಅಂಗಾಂಶದ ಇತರ ಗುಣಗಳನ್ನೂ ಅಳೆಯುವ ತಂತ್ರಗಳು ರೂಪುಗೊಂಡವು.

* ಎಲಾಸ್ಟೋಗ್ರಫಿ: ಕ್ಯಾನ್ಸರ್ ಗೆಡ್ಡೆಗಳು ಸಾಮಾನ್ಯವಾಗಿ ಸುತ್ತಲಿನ ಅಂಗಾಂಶಕ್ಕಿಂತ ಗಡುಸಾಗಿರುತ್ತವೆ. ಈ ಗಡುಸುತನವನ್ನು ಚಿತ್ರಿಸುವ ವಿಧಾನವನ್ನು ಜೊನಾಥನ್ ಓಫಿರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು.
* ಸ್ವಯಂಚಾಲಿತ ಅಲ್ಟ್ರಾಸೌಂಡ್: ಯಂತ್ರವೇ ಇಡೀ ಸ್ತನವನ್ನು ಕ್ರಮವಾಗಿ ಚಿತ್ರಿಸುವುದರಿಂದ ಪರೀಕ್ಷಕರ ಕೈಚಳಕದ ಮೇಲಿನ ಅವಲಂಬನೆ ತಗ್ಗುತ್ತದೆ. ದಟ್ಟ ಸ್ತನಗಳ ತಪಾಸಣೆಗೆ ಅಮೆರಿಕದಲ್ಲಿ 2012ರಲ್ಲಿ ಇದಕ್ಕೆ ಅನುಮತಿ ದೊರೆಯಿತು.
* ಅಲ್ಟ್ರಾಸೌಂಡ್ ಟೊಮೊಗ್ರಫಿ: ಮಹಿಳೆಯು ಬೋರಲು ಮಲಗಿದಾಗ ನೀರಿನಲ್ಲಿ ಇಳಿಬಿದ್ದ ಸ್ತನವನ್ನು ಉಂಗುರಾಕಾರದ ಶೋಧಕವು ಸುತ್ತುವರಿದು, ಧ್ವನಿಯು ಅಂಗಾಂಶದಲ್ಲಿ ಸಾಗುವ ವೇಗವನ್ನೂ ಅಳೆಯುತ್ತದೆ. ಮ್ಯಾಮೋಗ್ರಫಿಗೆ ಪೂರಕವಾಗಿ ಇದು 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.
* ಧರಿಸಬಹುದಾದ ಶೋಧಕ: ಒಳ ಉಡುಪಿಗೆ ಜೋಡಿಸಬಹುದಾದ ಪಟ್ಟಿಯೊಂದನ್ನು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜನಾನ್ ದಾಗ್‌ದೆವಿರೆನ್ ಅವರ ತಂಡವು 2023ರಲ್ಲಿ ಪ್ರಕಟಿಸಿತು.

ಪ್ರಯೋಜನ ಮತ್ತು ಮಿತಿ

ಜಪಾನಿನಲ್ಲಿ 40ರಿಂದ 49ರ ವಯೋಮಾನದ ಸುಮಾರು 73,000 ಮಹಿಳೆಯರನ್ನು ಒಳಗೊಂಡ ಜೆ-ಸ್ಟಾರ್ಟ್ ಅಧ್ಯಯನದಲ್ಲಿ, ಮ್ಯಾಮೋಗ್ರಫಿಯೊಂದರಿಂದಲೇ ಕ್ಯಾನ್ಸರ್ ಇದ್ದ 100 ಮಹಿಳೆಯರಲ್ಲಿ 77 ಮಂದಿಯ ರೋಗ ಪತ್ತೆಯಾದರೆ, ಅಲ್ಟ್ರಾಸೌಂಡನ್ನೂ ಸೇರಿಸಿದಾಗ 91 ಮಂದಿಯದು ಪತ್ತೆಯಾಯಿತು. ಆದರೆ ಕ್ಯಾನ್ಸರ್ ಇಲ್ಲದಿದ್ದರೂ ಸಂಶಯಕ್ಕೆ ಒಳಗಾದವರ ಪ್ರಮಾಣ 100ಕ್ಕೆ ಸುಮಾರು 9ರಿಂದ 12ಕ್ಕೆ ಏರಿತು. ಇಂತಹವರು ಅನಗತ್ಯ ಆತಂಕವನ್ನೂ ಹೆಚ್ಚುವರಿ ಪರೀಕ್ಷೆಗಳನ್ನೂ ಎದುರಿಸಬೇಕಾಗುತ್ತದೆ. ಅಲ್ಲದೆ ಕೆಲವು ಆರಂಭಿಕ ಕ್ಯಾನ್ಸರ್‌ಗಳ ಸುಳಿವಾದ ಸೂಕ್ಷ್ಮ ಸುಣ್ಣದ ಕಣಗಳು ಮ್ಯಾಮೋಗ್ರಫಿಯಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಆದುದರಿಂದ ಅಲ್ಟ್ರಾಸೌಂಡನ್ನು ಮ್ಯಾಮೋಗ್ರಫಿಗೆ ಬದಲಿಯಾಗಿ ಅಲ್ಲ, ಪೂರಕವಾಗಿ ಬಳಸಲಾಗುತ್ತದೆ. ಸಂಶಯಾಸ್ಪದ ಗೆಡ್ಡೆಯು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅಂಗಾಂಶದ ಚೂರನ್ನು ತೆಗೆದು ಪರೀಕ್ಷಿಸುವ ಬಯಾಪ್ಸಿಯಿಂದಲೇ ಖಚಿತವಾಗುತ್ತದೆ.